ಎತ್ತಿಕೊಂಡು ಹೋಗದೆ ಹಕ್ಕಿ ತೋರಿಸುವುದು: ವೀಲ್‌ಚೇರ್‌ನಲ್ಲಿ ರಂಗನತಿಟ್ಟಿಗೆ ಹೊರಡುವವರಿಗೆ

"ವೀಲ್‌ಚೇರ್ ಒಳಗೆ ಹೋಗುತ್ತಾ ಸಾರ್?" ಅಂತ ಯಾವುದೇ ಪಕ್ಷಿಧಾಮಕ್ಕೆ ಫೋನ್ ಮಾಡಿ ಕೇಳಿ. ಹೆಚ್ಚಾಗಿ ಸಿಗುವ ಉತ್ತರ ಒಂದೇ. "ಅಯ್ಯೋ ಬನ್ನಿ ಸಾರ್, ನಾಲ್ಕು ಜನ ಇದ್ದೀವಿ, ಎತ್ಕೊಂಡು ಹೋಗ್ತೀವಿ."

ಹೇಳುವವರ ಮನಸ್ಸು ಒಳ್ಳೆಯದೇ. ಆದರೆ ಆ ಮಾತು ನಂಬಿ ನಾನೊಮ್ಮೆ ಅಮ್ಮನನ್ನು ಒಂದು ಕೆರೆಗೆ ಕರೆದುಕೊಂಡು ಹೋಗಿದ್ದೆ. ಏಳು ಮೆಟ್ಟಿಲು. ನಾಲ್ಕು ಜನ ಕುರ್ಚಿ ಸಮೇತ ಎತ್ತಿದರು. ಅಮ್ಮ ಒಂದು ಕೈಯಲ್ಲಿ ಸೆರಗು, ಇನ್ನೊಂದು ಕೈಯಲ್ಲಿ ಕುರ್ಚಿಯ ಹಿಡಿ ಹಿಡಿದುಕೊಂಡು ಕಣ್ಣು ಮುಚ್ಚಿದ್ದರು. ಸುತ್ತ ನಿಂತವರೆಲ್ಲ ಹಕ್ಕಿ ಬಿಟ್ಟು ಅಮ್ಮನನ್ನೇ ನೋಡುತ್ತಿದ್ದರು. ವಾಪಸ್ ಬರುವಾಗ ಕಾರಿನಲ್ಲಿ ಅವರು ಹೇಳಿದ್ದು ಇಷ್ಟೇ: "ಇನ್ಮೇಲೆ ನೀವು ಹೋಗಿ ಬನ್ನಿ, ನನ್ನ ಕರೀಬೇಡಿ."

ಆಮೇಲೆ ನಾನು ಮಾಡಿಕೊಂಡ ನಿಯಮ ಒಂದೇ. ಎತ್ತಬೇಕಾದ ಕಡೆಗೆ ಹೋಗುವುದಿಲ್ಲ. ಎತ್ತದೆ ಎಷ್ಟು ಸಿಗುತ್ತದೋ ಅಷ್ಟನ್ನು ಚೆನ್ನಾಗಿ ನೋಡುತ್ತೇವೆ. ಹಾಗೆ ನೋಡಲು ಹಳೇ ಮೈಸೂರು ಕಡೆ ನನಗೆ ಅನುಕೂಲ ಅನ್ನಿಸಿದ ಜಾಗ ರಂಗನತಿಟ್ಟು. ಶ್ರೀರಂಗಪಟ್ಟಣದಿಂದ ಸುಮಾರು ಮೂರು ನಾಲ್ಕು ಕಿಲೋಮೀಟರ್. ಮೈಸೂರಿನಿಂದಲೂ ಇಪ್ಪತ್ತು ಕಿಲೋಮೀಟರ್ ಒಳಗೇ.

ಇಲ್ಲಿ ಅನುಕೂಲ ಯಾಕೆ ಅಂದರೆ ಅದಕ್ಕೆ ನದಿಯೇ ಕಾರಣ. 17ನೇ ಶತಮಾನದಲ್ಲಿ, 1645–48ರ ಹೊತ್ತಿಗೆ, ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ನೀರು ನಿಂತು ನದಿಯೊಳಗೆ ಸಣ್ಣ ಸಣ್ಣ ನಡುಗಡ್ಡೆಗಳು, ಅಂದರೆ ತಿಟ್ಟುಗಳು ಉಳಿದವು. ಹಕ್ಕಿಗಳು ಅಲ್ಲಿ ಗೂಡು ಕಟ್ಟಿದವು. ಪಕ್ಷಿತಜ್ಞ ಸಲೀಂ ಅಲಿ ಹೇಳಿದ ಮೇಲೆ 1940ರಲ್ಲಿ ಮೈಸೂರು ಸಂಸ್ಥಾನ ಇದನ್ನು ಪಕ್ಷಿಧಾಮ ಮಾಡಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ರಾಜ್ಯದಲ್ಲಿ ಆ ಪಟ್ಟಿಗೆ ಮೊದಲು ಸೇರಿದ ಜಾಗ ಇದೇ. ನಮಗೆ ಮುಖ್ಯವಾದದ್ದು ಏನೆಂದರೆ, ಕೆಲವು ತಿಟ್ಟುಗಳು ದಡಕ್ಕೆ ಹತ್ತಿರ ಇವೆ. ಮೆಟ್ಟಿಲು ಹತ್ತದೆ, ದೋಣಿ ಏರದೆ, ದಡದಲ್ಲೇ ಕೂತು ಗೂಡು ನೋಡಬಹುದು.

1. ಬರುವವರನ್ನೇ ಮೊದಲು ಕೇಳಿ

ಇದನ್ನೇ ನಾವು ಮರೆಯುವುದು. ಅಪ್ಪನಿಗೆ ಏನು ಬೇಕು ಅಂತ ಮಗ ತೀರ್ಮಾನ ಮಾಡಿಬಿಡುತ್ತಾನೆ. ಅತ್ತೆಗೆ ಏನು ಆಗಲ್ಲ ಅಂತ ಸೊಸೆ. ಅದರ ಬದಲು ಕೂತು ಕೇಳಿ. ಒಂದೇ ಸಲ ಎಷ್ಟು ಹೊತ್ತು ಕೂರಬಹುದು? ಹತ್ತು ಹೆಜ್ಜೆ ಹಿಡಿದುಕೊಂಡು ನಡೆಯಬಹುದಾ, ಅಥವಾ ಪೂರ್ತಿ ಕುರ್ಚಿಯೇನಾ? ಬೇರೆಯವರು ಮುಟ್ಟಿ ಎತ್ತಿದರೆ ಪರವಾಗಿಲ್ಲವಾ? ದೋಣಿ ಬೇಕಾ, ದಡ ಸಾಕಾ? ಶೌಚಾಲಯಕ್ಕೆ ಯಾರು ಜೊತೆಗೆ ಬಂದರೆ ಸಂಕೋಚ ಆಗಲ್ಲ?

ಕೊನೆಯ ಪ್ರಶ್ನೆ ಕೇಳಲು ಮುಜುಗರ ಆಗುತ್ತೆ. ಆದರೂ ಕೇಳಿ. ಎಷ್ಟೋ ಹಿರಿಯರು ಹೊರಗೆ ಹೊರಟ ದಿನ ನೀರೇ ಕುಡಿಯಲ್ಲ. ಬಾತ್‌ರೂಮಿಗೆ ಹೋಗಬೇಕಾದೀತು ಅನ್ನುವ ಭಯ. ಬಿಸಿಲಲ್ಲಿ ನೀರು ಕುಡಿಯದೆ ಕೂತರೆ ಏನಾಗುತ್ತೆ ಅಂತ ನಿಮಗೆ ಗೊತ್ತೇ ಇದೆ.

2. ತಿಂಗಳು ಮತ್ತು ಹೊತ್ತು

ಗೂಡು ಕಟ್ಟುವ ಕಾಲ ಸುಮಾರಾಗಿ ಡಿಸೆಂಬರ್‌ನಿಂದ ಜೂನ್‌ವರೆಗೆ. ಫೆಬ್ರವರಿ ಮಾರ್ಚ್ ಹೊತ್ತಿಗೆ ಮರದ ತುಂಬ ಬಣ್ಣದ ಕೊಕ್ಕರೆ, ಚಮಚದ ಕೊಕ್ಕು, ಕೆಂಬರಲು. ಆದರೆ ಮಾರ್ಚ್ ಮುಗಿಯುತ್ತಾ ಬಂದಂತೆ ಬಿಸಿಲೂ ಜಾಸ್ತಿ. ವಯಸ್ಸಾದವರನ್ನು ಕರೆದುಕೊಂಡು ಹೋಗಲು ನಾನು ಆರಿಸುವುದು ಜನವರಿ ಕೊನೆಯಿಂದ ಫೆಬ್ರವರಿ ಕೊನೆಯವರೆಗೆ. ಅದೂ ವಾರದ ನಡುವಿನ ದಿನ, ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಭಾನುವಾರ ಬೇಡವೇ ಬೇಡ. ಜನ ತುಂಬಿದ ದಾರಿಯಲ್ಲಿ ವೀಲ್‌ಚೇರ್ ತಳ್ಳುವುದು ಕಷ್ಟ. ಅದಕ್ಕಿಂತ ಹೆಚ್ಚಾಗಿ, ಕುರ್ಚಿಯಲ್ಲಿ ಕೂತವರಿಗೆ ಜನರ ಬೆನ್ನು ಬಿಟ್ಟರೆ ಬೇರೇನೂ ಕಾಣಲ್ಲ.

ಬೆನ್ನುಹುರಿಗೆ ಪೆಟ್ಟು ಬಿದ್ದವರ ಜೊತೆ ಹೋಗುವವರು ಒಂದು ವಿಷಯ ನೆನಪಿಡಬೇಕು. ಪೆಟ್ಟು ಮೇಲ್ಭಾಗದಲ್ಲಿದ್ದರೆ ಅದರಿಂದ ಕೆಳಗೆ ಮೈ ಸರಿಯಾಗಿ ಬೆವರುವುದಿಲ್ಲ. ಮೈ ಬಿಸಿ ಏರಿದ್ದು ಹೊರಗಿನವರಿಗೆ ತಿಳಿಯುವುದೂ ಇಲ್ಲ. ಒಂದು ಸ್ಪ್ರೇ ಬಾಟಲಿಯಲ್ಲಿ ನೀರು, ಒಂದು ಒದ್ದೆ ಟವೆಲ್ ಜೊತೆಗಿರಲಿ. ಹನ್ನೊಂದು ಗಂಟೆ ಒಳಗೆ ನೆರಳಿಗೆ ಬಂದುಬಿಡಿ.

ಮಳೆಗಾಲದ ಮಾತು ಬೇರೆ. ಕೃಷ್ಣರಾಜಸಾಗರ ಇರುವುದು ಇದರ ಮೇಲ್ಗಡೆ. ಅಲ್ಲಿಂದ ನೀರು ಜಾಸ್ತಿ ಬಿಟ್ಟರೆ ಇಲ್ಲಿ ತಿಟ್ಟುಗಳು ಮುಳುಗುತ್ತವೆ, ದೋಣಿ ನಿಲ್ಲುತ್ತದೆ. ಜುಲೈ ಆಗಸ್ಟ್‌ನಲ್ಲಿ ಹೊರಡುವುದಾದರೆ ಹಿಂದಿನ ದಿನದ ಪೇಪರ್‌ನಲ್ಲಿ ಕೆಆರ್‌ಎಸ್ ಹೊರಹರಿವು ಎಷ್ಟಿದೆ ಅಂತ ನೋಡಿಕೊಂಡೇ ಹೊರಡಿ.

3. ಫೋನಿನಲ್ಲಿ ಏನು ಕೇಳಬೇಕು

"ವೀಲ್‌ಚೇರ್ ಹೋಗುತ್ತಾ?" ಅಂತ ಕೇಳಬೇಡಿ. ಅದಕ್ಕೆ ಬರುವ ಉತ್ತರ ಮೊದಲೇ ಹೇಳಿದೆನಲ್ಲ. ಲೆಕ್ಕ ಕೇಳಿ.

ಗಾಡಿ ನಿಲ್ಲಿಸುವ ಜಾಗದಿಂದ ನದಿ ದಡದ ತನಕ ಎಷ್ಟು ಮೆಟ್ಟಿಲು? ಒಂದೇ ಒಂದು ಮೆಟ್ಟಿಲಿದ್ದರೂ ಹೇಳಿ ಅನ್ನಿ. ನಡೆಯುವ ದಾರಿ ಸಿಮೆಂಟೋ, ಕಲ್ಲು ಹಾಸೋ, ಜಲ್ಲಿಯೋ? ಇಳಿಜಾರಿನಲ್ಲಿ ಹಿಡಿದುಕೊಳ್ಳಲು ಕಂಬಿ ಇದೆಯಾ? ಶೌಚಾಲಯದ ಬಾಗಿಲು ಎಷ್ಟು ಅಗಲ? ಒಳಗೆ ಕೂರುವ ಕಮೋಡ್ ಇದೆಯಾ, ಅದರ ಪಕ್ಕ ಕಂಬಿ ಇದೆಯಾ? ನಿಮ್ಮಲ್ಲೇ ವೀಲ್‌ಚೇರ್ ಸಿಗುತ್ತಾ, ಸಿಕ್ಕರೆ ಟೈರಿನಲ್ಲಿ ಗಾಳಿ ಇದೆಯಾ? ಇವತ್ತು ದೋಣಿ ಇದೆಯಾ, ದೋಣಿ ಹತ್ತುವ ಕಟ್ಟೆಯಿಂದ ದೋಣಿಗೆ ಎಷ್ಟು ಅಡಿ ಇಳಿಯಬೇಕು?

ಬಾಗಿಲಿನ ಅಗಲ ಕೇಳಿದರೆ ಯಾರಿಗೂ ಬಾಯಲ್ಲಿ ಉತ್ತರ ಇರುವುದಿಲ್ಲ. ಅದು ಅವರ ತಪ್ಪಲ್ಲ. "ಒಂದು ಫೋಟೋ ತೆಗೆದು ವಾಟ್ಸಾಪ್ ಮಾಡ್ತೀರಾ?" ಅಂತ ಕೇಳಿ. ನನಗೆ ಇದರಿಂದ ತುಂಬ ಸಲ ಅನುಕೂಲ ಆಗಿದೆ. ಮೆಟ್ಟಿಲ ಪಕ್ಕ ಒಂದು ನೀರಿನ ಬಾಟಲಿ ನಿಲ್ಲಿಸಿ ಫೋಟೋ ತೆಗೆಯಲು ಹೇಳಿದರೆ ಎತ್ತರ ಅಂದಾಜು ಸಿಕ್ಕಿಬಿಡುತ್ತದೆ. ಮಾಮೂಲಿ ವೀಲ್‌ಚೇರ್ ಸುಮಾರು 25 ಇಂಚು ಅಗಲ ಇರುತ್ತದೆ. ತಾವೇ ಚಕ್ರ ತಿರುಗಿಸುವವರಿಗೆ ಎರಡೂ ಕಡೆ ಮೊಣಕೈಗೆ ಜಾಗ ಬೇಕು. ಮನೆಯಲ್ಲೇ ನಿಮ್ಮ ಕುರ್ಚಿಯನ್ನು ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ.

4. ಗಾಡಿಗೆ ಹಾಕಿಕೊಳ್ಳಬೇಕಾದ್ದು

ಕುರ್ಚಿಯ ಕುಶನ್, ಟೈರಿಗೆ ಗಾಳಿ ಹೊಡೆಯುವ ಕೈ ಪಂಪು, ದೊಡ್ಡ ಟೋಪಿ, ಒಂದು ಹಳೇ ಬೆಡ್‌ಶೀಟ್, ಮಾತ್ರೆ, ನೀರು. ಅಂಗವಿಕಲರ ಯುಡಿಐಡಿ ಕಾರ್ಡ್ ಇದ್ದರೆ ಅದೂ ಇರಲಿ, ಟಿಕೆಟ್ ಕೌಂಟರ್‌ನಲ್ಲಿ ರಿಯಾಯಿತಿ ಇದೆಯಾ ಅಂತ ಕೇಳಿ ನೋಡಿ.

ಬೈನಾಕ್ಯುಲರ್ ಬಗ್ಗೆ ಒಂದು ಮಾತು. 10 ಪಟ್ಟು ದೊಡ್ಡದು ಮಾಡಿ ತೋರಿಸುವುದೇ ಒಳ್ಳೆಯದು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಕೈ ನಡುಗುವವರಿಗೆ ಅದು ಬೇಡ. ಹಕ್ಕಿಯ ಜೊತೆ ನಡುಕವೂ ಹತ್ತು ಪಟ್ಟಾಗುತ್ತದೆ. 8 ಪಟ್ಟಿನದು ಸಾಕು. ಮೊಣಕೈಯನ್ನು ಕುರ್ಚಿಯ ಹಿಡಿಯ ಮೇಲೆ ಊರಿ ನೋಡಿದರೆ ಇನ್ನೂ ಸ್ಥಿರ. ಅಮ್ಮನಿಗೆ ಅದೂ ಭಾರ ಆಗುತ್ತಿತ್ತು. ಈಗ ತೊಡೆಯ ಮೇಲೆ ಒಂದು ದಿಂಬು, ಅದರ ಮೇಲೆ ಮೊಣಕೈ. ಅಷ್ಟೇ.

5. ದಡದಲ್ಲಿ

ಒಳಗೆ ಹೋದ ತಕ್ಷಣ ಎಲ್ಲರೂ ದೋಣಿ ಕಟ್ಟೆಗೆ ಓಡುತ್ತಾರೆ. ನೀವು ಓಡಬೇಡಿ. ದಡದ ಉದ್ದಕ್ಕೂ ನಡೆಯುವ ದಾರಿ ಇದೆ, ಮರದ ನೆರಳಿದೆ, ಅಲ್ಲಲ್ಲಿ ಬೆಂಚು ಇವೆ. ಮೊದಲು ನೀವೊಬ್ಬರೇ ಹೋಗಿ ಆ ದಾರಿ ನೋಡಿಕೊಂಡು ಬನ್ನಿ. ಅಮ್ಮ ನೆರಳಲ್ಲಿ ಕೂತಿರಲಿ. ನೋಡುವಾಗ ಒಮ್ಮೆ ಮಂಡಿಯೂರಿ ಕೂತು ನೋಡಿ. ಕುರ್ಚಿಯಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು ಮೂರು ಮುಕ್ಕಾಲು ಅಡಿ ಎತ್ತರದಲ್ಲಿರುತ್ತದೆ. ನಿಂತವರಿಗೆ ಚೆನ್ನಾಗಿ ಕಾಣುವ ಗೂಡು ಅವರಿಗೆ ಬೇಲಿಯ ಹಿಂದೆ ಅಡಗಿರಬಹುದು. ಎಲ್ಲಿ ಪೊದೆ ಕಡಿಮೆ ಇದೆ, ಬಿಸಿಲು ಬೆನ್ನಿಗೆ ಬೀಳುತ್ತದೆ, ನೆಲ ಮಟ್ಟವಾಗಿದೆ, ಅಂಥ ಒಂದು ಜಾಗ ಗುರುತು ಮಾಡಿಕೊಳ್ಳಿ. ಆಮೇಲೆ ಕುರ್ಚಿ ತಳ್ಳಿಕೊಂಡು ಬನ್ನಿ.

ಇಳಿಜಾರು ಬಂದರೆ ಕುರ್ಚಿಯನ್ನು ಹಿಂದು ಮುಂದು ಮಾಡಿ, ನೀವು ಕೆಳಗಿನ ಕಡೆ ನಿಂತು ನಿಧಾನಕ್ಕೆ ಇಳಿಸಿ. ಕೂತವರ ಮುಖ ಮೇಲ್ಗಡೆಗೆ ಇರಬೇಕು. ಮುಂದಕ್ಕೆ ಮುಖ ಮಾಡಿ ಇಳಿಸಿದರೆ ಜಾರುವ ಭಯ. ಜಲ್ಲಿ, ಮರಳು ಬಂದರೂ ಅದೇ ಉಪಾಯ. ಮುಂದಿನ ಸಣ್ಣ ಚಕ್ರ ಹೂತುಕೊಳ್ಳುತ್ತದೆ, ಆದ್ದರಿಂದ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ ದೊಡ್ಡ ಚಕ್ರದ ಮೇಲೆ ಹಿಂದಕ್ಕೆ ಎಳೆದುಕೊಂಡು ಹೋಗಿ. ಮಾಡುವ ಮುಂಚೆ "ವಾಲಿಸ್ತಾ ಇದೀನಿ" ಅಂತ ಬಾಯಿಬಿಟ್ಟು ಹೇಳಿ.

ನಿಲ್ಲಿಸಿದ ಮೇಲೆ ಎರಡೂ ಬ್ರೇಕ್ ಹಾಕಿ. ನದಿಯಲ್ಲಿ ಮೊಸಳೆಗಳಿವೆ. ಬಂಡೆಯ ಮೇಲೆ ಬಾಯಿ ತೆರೆದುಕೊಂಡು ಮಲಗಿರುವುದನ್ನು ನೀವೇ ನೋಡುತ್ತೀರಿ. ಕುರ್ಚಿ ನೀರಿನ ಅಂಚಿಗೆ ಹೋಗುವುದು ಬೇಡ.

ಆಮೇಲೆ ಸುಮ್ನೆ ಕೂರಿ. ಅರ್ಧ ಗಂಟೆ, ಮುಕ್ಕಾಲು ಗಂಟೆ. ಕೊನೆಯ ಸಲ ಹೋದಾಗ ನಮ್ಮ ಎದುರಿನ ಮರದಲ್ಲಿ ಒಂದು ಬಣ್ಣದ ಕೊಕ್ಕರೆ ಗೂಡಿನ ಅಂಚಿನಲ್ಲಿ ನಿಂತು ರೆಕ್ಕೆ ಎರಡೂ ಅಗಲಿಸಿತ್ತು. ಒಣಗಿಸಿಕೊಳ್ಳುತ್ತಿದೆ ಅಂದುಕೊಂಡೆ. ಅಮ್ಮ ಬೈನಾಕ್ಯುಲರ್ ಇಳಿಸದೆ ಹೇಳಿದರು: "ಅಲ್ಲ ಕಣೋ, ಮರಿಗೆ ನೆರಳು ಹಿಡಿದಿದೆ ನೋಡು." ಬಿಸಿಲು ಸರಿದಂತೆ ಆ ಹಕ್ಕಿಯೂ ಸ್ವಲ್ಪ ಸ್ವಲ್ಪ ತಿರುಗುತ್ತಿತ್ತು. ಕೆಳಗೆ ಬಿಳಿ ನಯದ ಎರಡು ಮರಿ, ಕೊಕ್ಕು ತೆರೆದು ಏದುಸಿರು ಬಿಡುತ್ತಿದ್ದವು. ಅಷ್ಟರಲ್ಲಿ ದೋಣಿಗಳು ಹೋಗಿ ಬಂದು ಆಗಿತ್ತು. ಅದರಲ್ಲಿ ಇದ್ದವರು ಇದನ್ನು ನೋಡಿರಲಾರರು.

ಇಪ್ಪತ್ತು ಮೂವತ್ತು ನಿಮಿಷಕ್ಕೊಮ್ಮೆ ಕೂತವರು ಮೈ ಸ್ವಲ್ಪ ಎತ್ತಿ, ಪಕ್ಕಕ್ಕೆ ವಾಲಿ ಭಾರ ಬದಲಿಸಬೇಕು. ಹಕ್ಕಿ ನೋಡುತ್ತಾ ಇದು ಮರೆತೇ ಹೋಗುತ್ತದೆ. ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ಶಬ್ದ ಇಲ್ಲದೆ ವೈಬ್ರೇಷನ್‌ನಲ್ಲಿ.

6. ದೋಣಿ ಬೇಕೇ ಬೇಕು ಅನ್ನುವವರಿಗೆ

ಬೇಕು ಅನ್ನುವುದು ಸಹಜ. ದೋಣಿಯಿಂದ ನೋಡುವ ಸುಖವೇ ಬೇರೆ. ಹಾಗಾದರೆ ಮೊದಲು ಕಟ್ಟೆಗೆ ಹೋಗಿ ನಿಂತು ನೋಡಿ. ದೋಣಿಯ ಅಂಚು ಕಟ್ಟೆಯ ಮಟ್ಟಕ್ಕಿದೆಯಾ, ಕೆಳಗಿದೆಯಾ? ನದಿಯಲ್ಲಿ ನೀರು ಇಳಿದ ದಿನ ಈ ಅಂತರ ಜಾಸ್ತಿ ಆಗುತ್ತದೆ. ಹೋದ ತಿಂಗಳು ಸುಲಭವಾಗಿ ಹತ್ತಿದ್ದವರಿಗೆ ಈ ತಿಂಗಳು ಆಗದೇ ಇರಬಹುದು. ಅಂತರ ಒಂದು ಮೆಟ್ಟಿಲಿಗಿಂತ ಜಾಸ್ತಿ ಇದ್ದು, ಬರುವವರು ಕಾಲೂರಿ ನಿಲ್ಲಲಾರರು ಅಂದರೆ ಅವತ್ತು ದೋಣಿ ಬಿಡಿ. ನಾನು ಈ ವಿಷಯದಲ್ಲಿ ಕಟ್ಟುನಿಟ್ಟು.

ಆಗುತ್ತದೆ ಅನ್ನಿಸಿದರೆ ಹಂಚಿಕೊಳ್ಳುವ ದೋಣಿಗಿಂತ ನಿಮ್ಮ ಮನೆಯವರಿಗಷ್ಟೇ ದೋಣಿ ಸಿಗುತ್ತಾ ಕೇಳಿ. ದುಡ್ಡು ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ಹಿಂದೆ ನಿಂತ ಇಪ್ಪತ್ತು ಜನ "ಬೇಗ ಬೇಗ" ಅನ್ನುವುದಿಲ್ಲ. ಅವಸರದಲ್ಲೇ ಕಾಲು ಜಾರುವುದು.

ಲೈಫ್ ಜಾಕೆಟ್ ಕುರ್ಚಿಯಲ್ಲಿ ಕೂತಿರುವಾಗಲೇ ಹಾಕಿ ಬಿಗಿ ನೋಡಿ. ದೋಣಿಯೊಳಗೆ ಹೋದ ಮೇಲೆ ಹಾಕುವುದು ಕಷ್ಟ. ಕುರ್ಚಿಯನ್ನು ಕಟ್ಟೆಯ ಅಂಚಿಗೆ ಅಡ್ಡಡ್ಡ ನಿಲ್ಲಿಸಿ, ಬ್ರೇಕ್ ಹಾಕಿ, ಕಾಲಿಡುವ ಹಲಗೆ ಮಡಚಿ. ಒಬ್ಬರು ಮೊದಲೇ ದೋಣಿಯೊಳಗೆ ಇಳಿದು ನಿಂತಿರಲಿ. ದೋಣಿಯವರು ದೋಣಿಯನ್ನು ಕಟ್ಟೆಗೆ ಒತ್ತಿ ಹಿಡಿದಿರಲಿ. ಹೇಗೆ ಹಿಡಿಯಬೇಕು, ಯಾವ ಕಾಲು ಮೊದಲು ಅನ್ನುವುದನ್ನು ಹತ್ತುವವರೇ ಹೇಳಲಿ. ತೋಳು ಹಿಡಿದು ಎಳೆಯಬೇಡಿ, ವಯಸ್ಸಾದವರ ಭುಜದ ಕೀಲು ಸುಲಭಕ್ಕೆ ನೋಯುತ್ತದೆ. ನಿಮ್ಮ ತೋಳನ್ನು ಅವರು ಹಿಡಿಯಲಿ.

ಒಳಗೆ ಮಧ್ಯದ ಹಲಗೆಯ ಮೇಲೆ ಕೂರಿಸಿ. ಪಕ್ಕದಲ್ಲಿ ಒಬ್ಬರು, ಬೆನ್ನಿಗೆ ಒರಗಲು ಹಿಂದೆ ಒಬ್ಬರು. ವೀಲ್‌ಚೇರ್ ದಡದಲ್ಲೇ ಇರಲಿ. ಕುರ್ಚಿ ಸಮೇತ ದೋಣಿಗೆ ಏರಿಸುತ್ತೇವೆ ಅಂತ ಯಾರಾದರೂ ಹುಮ್ಮಸ್ಸಿನಿಂದ ಹೇಳಿದರೆ ಒಪ್ಪಬೇಡಿ. ಸಣ್ಣ ದೋಣಿಯಲ್ಲಿ ಅದು ಅಪಾಯ. ಕುರ್ಚಿಗೆ ಬೆಲ್ಟ್ ಕಟ್ಟಿಕೊಂಡವರು ನೀರಿಗೆ ಬಿದ್ದರೆ ಬಿಡಿಸಿಕೊಳ್ಳಲು ಆಗುವುದಿಲ್ಲ.

ಇಳಿಯುವಾಗ ಕೊನೆಗೆ ಇಳಿಯಿರಿ. ಎಲ್ಲರೂ ಇಳಿದ ಮೇಲೆ ದೋಣಿ ಅಲ್ಲಾಡುವುದು ಕಡಿಮೆ.

7. ಕಣ್ಣು ಮಂಜಾದವರು, ಕಿವಿ ಕೇಳದವರು, ಗದ್ದಲ ತಡೆಯದ ಮಕ್ಕಳು

ಕಣ್ಣು ಕಾಣದವರಿಗೆ ಪಕ್ಷಿಧಾಮದಲ್ಲಿ ಏನಿದೆ ಅನ್ನುವವರು ಒಂದು ಸಲ ರಂಗನತಿಟ್ಟಿನಲ್ಲಿ ಕಣ್ಣು ಮುಚ್ಚಿ ಕೂರಬೇಕು. ದೊಡ್ಡ ಬಣ್ಣದ ಕೊಕ್ಕರೆಗಳಿಗೆ ಕಂಠದಿಂದ ಸದ್ದೇ ಇಲ್ಲ ಅನ್ನಬಹುದು. ಕೊಕ್ಕಿಗೆ ಕೊಕ್ಕು ಬಡಿದು ಟಕಟಕ ಅನ್ನಿಸುತ್ತವೆ. ಗಲಾಟೆಯೆಲ್ಲ ಮರಿಗಳದ್ದು. ಬಂಡೆಗೆ ನೀರು ಬಡಿಯುವ ಸದ್ದು, ಮಿಂಚುಳ್ಳಿಯ ಕೂಗು, ಬಾವಲಿಗಳ ಕಿತ್ತಾಟ, ಎಲ್ಲವೂ ಬೇರೆ ಬೇರೆ ದಿಕ್ಕಿನಿಂದ ಬರುತ್ತವೆ. ಹಿಕ್ಕೆಯ ವಾಸನೆ ಯಾವ ಕಡೆಯಿಂದ ಬಂತು ಅಂತ ನೋಡಿಯೇ ಗೂಡಿನ ಮರ ಎಲ್ಲಿದೆ ಅಂತ ಹೇಳಬಹುದು. ವಿವರಿಸುವಾಗ "ಅಲ್ಲಿ ನೋಡಿ" ಅನ್ನಬೇಡಿ. "ನಿಮ್ಮ ಎಡಕ್ಕೆ, ಹತ್ತು ಗಂಟೆ ಮುಳ್ಳಿನ ದಿಕ್ಕಿಗೆ, ತೆಂಗಿನ ಮರದಷ್ಟು ಎತ್ತರದಲ್ಲಿ" ಅನ್ನಿ. ಮರ್ಲಿನ್ ಆ್ಯಪ್ ಕೂಗು ಕೇಳಿ ಹಕ್ಕಿಯ ಹೆಸರು ಹೇಳುತ್ತದೆ, ಹೊರಡುವ ಮುಂಚೆಯೇ ನಮ್ಮ ಕಡೆಯ ಹಕ್ಕಿಗಳ ಪ್ಯಾಕ್ ಇಳಿಸಿಕೊಳ್ಳಿ. ಆದರೆ ಹಕ್ಕಿಯ ಕೂಗನ್ನು ಜೋರಾಗಿ ಹಾಕಿ ಕರೆಯಬೇಡಿ, ಗೂಡಿನಲ್ಲಿರುವ ಹಕ್ಕಿಗೆ ಅದು ತೊಂದರೆ.

ಸ್ವಲ್ಪ ಕಾಣುವವರಿಗೆ ಫೋನಿನಲ್ಲಿ ಜೂಮ್ ಮಾಡಿ ಫೋಟೋ ತೆಗೆದು ಪರದೆಯ ಮೇಲೆ ದೊಡ್ಡದು ಮಾಡಿ ತೋರಿಸಿ. ನಮ್ಮ ಚಿಕ್ಕಮ್ಮ ಚಮಚದ ಕೊಕ್ಕನ್ನು ಮೊದಲು ಸರಿಯಾಗಿ ಕಂಡಿದ್ದು ಹಾಗೆಯೇ. "ಅಯ್ಯೋ, ನಿಜವಾಗ್ಲೂ ಸೌಟೇ!" ಅಂದರು.

ಕಿವಿ ಕೇಳದವರನ್ನು ದೋಣಿ ನಡೆಸುವವರ ಮುಖ ಕಾಣುವ ಕಡೆ ಕೂರಿಸಿ. ಹಕ್ಕಿ, ಮೊಸಳೆ, ಬಗ್ಗಿ ಅನ್ನುವುದಕ್ಕೆ ಹೊರಡುವ ಮುಂಚೆ ಕೈಸನ್ನೆ ಮಾತಾಡಿಕೊಳ್ಳಿ. ಆಟಿಸಂ ಇರುವ ಮಕ್ಕಳಿಗೆ ವಾರದ ನಡುವಿನ ಬೆಳಗ್ಗೆಯೇ ಸರಿ. ಹಿಂದಿನ ದಿನ ಜಾಗದ ಫೋಟೋ ತೋರಿಸಿ ಏನೇನು ಆಗುತ್ತೆ ಅಂತ ಹೇಳಿಟ್ಟರೆ ಅವರಿಗೆ ಗಾಬರಿ ಕಡಿಮೆ.

8. ದೋಣಿಯೂ ಇಲ್ಲ, ಮೆಟ್ಟಿಲೂ ಇಲ್ಲ ಅನ್ನುವಂಥ ಬೇರೆ ಜಾಗಗಳು

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಊರೊಳಗೇ ಗೂಡು ಕಟ್ಟುತ್ತವೆ. ಮನೆ ಮುಂದಿನ ಹುಣಸೆ ಮರದಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕಾರಿನ ಕಿಟಕಿ ಇಳಿಸಿದರೆ ಸಾಕು. ಊರವರ ಬೀದಿ ಅದು, ಅವರ ಬಾಗಿಲಿಗೆ ಗಾಡಿ ಅಡ್ಡ ನಿಲ್ಲಿಸದೆ ನೋಡಿದರೆ ಆಯಿತು. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವ ದಾರಿಯಲ್ಲಿ ಮಂಡಗದ್ದೆ ಇದೆ. ತುಂಗೆಯ ನಡುವಿನ ಮರಗಳು ರಸ್ತೆಗೇ ಹತ್ತಿರ, ಅಲ್ಲಿ ಮಳೆಗಾಲದಲ್ಲೇ ಹಕ್ಕಿ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ.

9. ಪಕ್ಷಿಧಾಮ ನಡೆಸುವವರು ಓದುತ್ತಿದ್ದರೆ

2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಸಾರ್ವಜನಿಕ ಜಾಗಗಳು ಎಲ್ಲರಿಗೂ ಹೋಗಿ ಬರುವಂತಿರಬೇಕು ಅನ್ನುತ್ತದೆ. ಅಳತೆ ಎಷ್ಟು ಅನ್ನುವುದಕ್ಕೆ ಕೇಂದ್ರ ಸರ್ಕಾರದ 2021ರ ಮಾರ್ಗಸೂಚಿ ಇದೆ. ಇಳಿಜಾರು ಒಂದಕ್ಕೆ ಹನ್ನೆರಡು: ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ಇದನ್ನು ಬಿಟ್ಟು ಮೂರು ಮೆಟ್ಟಿಲ ಪಕ್ಕ ನಾಲ್ಕು ಅಡಿ ಉದ್ದದ ಸಿಮೆಂಟ್ ಜಾರುಬಂಡೆ ಹಾಕಿ "ರ‍್ಯಾಂಪ್ ಇದೆ" ಅಂತ ಬೋರ್ಡ್ ಹಾಕುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದರಲ್ಲಿ ಯಾರೂ ಒಂಟಿಯಾಗಿ ಹತ್ತಲಾರರು. ಬಾಗಿಲು 90 ಸೆಂಟಿಮೀಟರ್, ಕುರ್ಚಿ ತಿರುಗಿಸಲು 150 ಸೆಂಟಿಮೀಟರ್ ಜಾಗ.

ದುಡ್ಡು ಬರುವ ತನಕ ಕಾಯದೆ ಈ ವಾರವೇ ಮಾಡಬಹುದಾದ್ದೂ ಇದೆ. ಬೇಲಿಯಲ್ಲಿ ಒಂದು ಕಡೆ, ಕೂತವರ ಕಣ್ಣಿನ ಮಟ್ಟಕ್ಕೆ, ನೋಡಲು ಸಂದು ಬಿಡಿ. ಬೆಂಚಿನ ಪಕ್ಕ ಒಂದು ವೀಲ್‌ಚೇರ್ ನಿಲ್ಲುವಷ್ಟು ನೆಲ ಮಟ್ಟ ಮಾಡಿ, ಅಮ್ಮ ಮತ್ತು ಮಗ ಅಕ್ಕಪಕ್ಕ ಕೂರುವ ಹಾಗೆ. ಶೌಚಾಲಯದ ಬಾಗಿಲು ಹೊರಗೆ ತೆರೆಯುವಂತೆ ತಿರುಗಿಸಿ, ಅದಕ್ಕೆ ಬೀಗ ಹಾಕಿಡಬೇಡಿ, ಪೊರಕೆ ಬಕೆಟ್ ಇಡುವ ಕೋಣೆ ಮಾಡಬೇಡಿ. ಮೆಟ್ಟಿಲೆಷ್ಟು, ದಾರಿ ಎಂಥದ್ದು ಅನ್ನುವುದನ್ನು ಟಿಕೆಟ್ ಕೌಂಟರ್ ಹತ್ತಿರ ಬರೆದು ಹಾಕಿ. ಇದನ್ನೆಲ್ಲ ಮಾಡುವ ಮುಂಚೆ ವೀಲ್‌ಚೇರ್ ಬಳಸುವ ಒಬ್ಬರನ್ನು ಕರೆದು ಜೊತೆಯಲ್ಲಿ ಒಂದು ಸುತ್ತು ಹಾಕಿ.

ಓದುಗರೇ, ನಿಮಗೆ ತೊಂದರೆ ಆದ ಕಡೆ ಜಗಳ ಬೇಡ. ಅಳತೆ, ಫೋಟೋ, ತಾರೀಖು ಸೇರಿಸಿ ಅರಣ್ಯ ಇಲಾಖೆಗೆ ಬರೆಯಿರಿ. ಉತ್ತರ ಬಾರದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು.

10. ಮನೆಗೆ ಬಂದ ಮೇಲೆ

ಅವತ್ತೇ ಕುರ್ಚಿ ತೊಳೆಯಿರಿ. ನದಿ ದಡದ ಹುಲ್ಲು, ಕೂದಲು, ಕೆಸರು ಮುಂದಿನ ಸಣ್ಣ ಚಕ್ರದ ಅಚ್ಚಿಗೆ ಸುತ್ತಿಕೊಂಡಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ಒಂದೆರಡು ಹನಿ ಎಣ್ಣೆ ಬಿಡಿ. ಹಿಕ್ಕೆ ಬಿದ್ದಿದ್ದರೆ ಸೋಪು ನೀರು ಹಾಕಿ. ಕೂತಿದ್ದವರ ಬೆನ್ನ ಕೆಳಗೆ, ಹಿಮ್ಮಡಿಯಲ್ಲಿ ಕೆಂಪಗೆ ಆಗಿದೆಯಾ ನೋಡಿ. ಸ್ಪರ್ಶ ಇಲ್ಲದವರಿಗೆ ಅದು ಗೊತ್ತೇ ಆಗಿರುವುದಿಲ್ಲ. ಮರುದಿನವೂ ಕೆಂಪು ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ.

ಒಂದು ಚೀಟಿಯಲ್ಲಿ ಮೆಟ್ಟಿಲೆಷ್ಟಿತ್ತು, ನೆರಳು ಎಲ್ಲಿತ್ತು, ಬಾಗಿಲು ಎಷ್ಟಗಲ ಅಂತ ಬರೆದಿಡಿ. ನಮ್ಮ ಮನೆಯಲ್ಲಿ ಆ ಚೀಟಿ ಫ್ರಿಜ್ ಮೇಲೆ ಅಂಟಿಸಿದೆ. ಅದರ ಕೆಳಗೆ ಅಮ್ಮ ತಮ್ಮ ಕೈಯಲ್ಲೇ ಬರೆದಿದ್ದಾರೆ: "ಮುಂದಿನ ಸಲ ಬೆಳಗ್ಗೆ ಇನ್ನೂ ಬೇಗ."